ರಕಾನೆ ಏಳು

ಅಕ್ಕಲಕೋಟ ಠಾಣೆದಾಗ ಮೂವತ್ತೊಂದು ವರ್ಷ
ಕಳ್ಳರನ್ನ ಹಿಡದಾಂವ ಅಲ್ಲ ನಾ, ಬರಕೊಂಡಾಂವ.
ಕನ್ನಡದಾಗ ಕೇಳಿ ಮರಾಠಿಯೊಳಗ ಬರೀತಿದ್ದೆ.
ಹೆಸರು, ತಂದಿ ಹೆಸರು, ಎತ್ತರ, ಮಚ್ಚಿ, ಹಲ್ಲು,
ಆಮ್ಯಾಲ ರಕಾನೆ ಏಳು: ಗುನ್ಹೆದ ಪದ್ಧತಿ.
ಹೆಬ್ಬಟ್ಟಿನಷ್ಟ ಜಾಗಾ.
ಅದರಾಗ ಒಬ್ಬ ಮನಶ್ಯಾನ ಎರಡೂ ಕೈ ಹಿಡಿಸಬೇಕು.

ದುಧನಿ ಚಂದ್ರಾಮ ಮೊದಲ ಸಲ ಬಂದಾಗ
ಇಪ್ಪತ್ತರ ಹುಡುಗ.
ಅಡತಿ ಅಂಗಡಿ ಕೀಲಿ
ಸೈಕಲ್ ಕಡ್ಡಿಯಿಂದ ತಗದಿದ್ದ, ಮುರದಿರಲಿಲ್ಲ.
ಮೋಹಿತೆ ಸಾಹೇಬ್ರು ಕೀಲಿ ಅಂಗೈಯಾಗ ತಿರಿವಿ ನೋಡಿ
‘ಕಸಬುದಾರ ಅದಾನ’ ಅಂದ್ರು.
ಬರದೆ: ಕುಲೂಪ.
ಶಾಯಿ ಆರೋತನಕ ಊದಿದೆ.

ಮುಂದ ಇಪ್ಪತ್ತು ವರ್ಷ ಅಂವ ಏನೇನ ಮಾಡಿದ ಅಂತೀರಿ,
ಎಳ್ಳು ಚೆಲ್ಲಿಧಾಂಗ ಮಾಡಿದ.
ಹೋಟಗಿ ಗಾಡ್ಯಾಗ ಖಿಸೆ.
ಕಾಲವಿ ಮ್ಯಾಲಿನ ಮೋಟಾರಿನ ತಾಮ್ರ.
ಲಗ್ನದ ಚಪ್ಪರದಿಂದ ಹಿತ್ತಾಳಿ ಪಾತೇಲಿ,
ಒಳಗಿನ ಹುಗ್ಗಿ ಸಹಿತ.
ಕೋರ್ಟಿನಾಗ ಒಂದ ಸುಳ್ಳ ಸಾಕ್ಷಿ.
ಕುಡದು ಭಾವನ ತಲಿ ಒಡದ ಒಮ್ಮೆ.
ತೊಗರಿ ಗೋದಾಮಿನಾಗ ಹಮಾಲಿ ಸಿಕ್ಕ ವರ್ಷ
ಏನೂ ಮಾಡಲಿಲ್ಲ.

ಮೈಂದರ್ಗಿ ಒಬ್ಬಾಕಿ ಆಡು ಬಿಚ್ಚಿಕೊಂಡು ಹೋಗಿದ್ದ.
ಮರಿ ಇಲ್ಲೇ ಉಳದಿತ್ತು.
ಅಲ್ಲಿ ಅದು, ಇಲ್ಲಿ ಇದು, ರಾತ್ರಿಪೂರಾ ಒದರಿದುವು.
ಕೋಳಿ ಕೂಗೂದ್ರಾಗ ತಿರಗಿ ತಂದು
ಅದ ಗೂಟಕ್ಕ ಕಟ್ಟಿ ಹೋದ.
ಇದನ್ನ ಯಾವ ಪದ್ಧತಿ ಅನ್ನೂದು?
ಕಾರ್ಡಿನಾಗ ಇದು ಇಲ್ಲ.

ಕೀಲಿ ಎಷ್ಟ?
ಎಣಿಸಿ ಹೇಳತೀನಿ: ಎರಡ.

ಆದರ ಕಾರ್ಡು ಒಂದ ಮಾತು ಕಲತಿತ್ತು.
ಎಲ್ಯಾರೆ ಮುರೀಲಾರದ ಕೀಲಿ ತೆರದಿತ್ತಂದ್ರ
ಸಾಹೇಬ್ರು ಕಪಾಟಿನ ಕಡೆ ಕೈ ಮಾಡಾವ್ರು,
ನಾ ತಗದು ಕೊಡಾಂವ,
ಜೀಪು ದುಧನಿಗೆ.
ಬೆಳಗಾಗೂದ್ರಾಗ ಅಂವ ಬಾಕಿನ ಮ್ಯಾಲ.
‘ಮತ್ತ ಕೀಲಿ ಏನ್ರಿ, ಅಣ್ಣಾರ?’
ನೆಗಡಿ ಹೆಂಗದ ಅಂತ ಕೇಳಿಧಾಂಗ ಕೇಳಾಂವ.

ಹನ್ನೊಂದು ಸಲ ಹಂಗ ತಂದೀವಿ,
ಹನ್ನೊಂದೂ ಸಲ ಅಂವ ಅಲ್ಲ.
ಒಮ್ಮೆ ಸೊಲ್ಲಾಪುರದ ದವಾಖಾನಿಯೊಳಗ
ಕಣ್ಣಿನ ಪೊರಿ ತಗಸಿ ಮಲಗಿದ್ದ,
ಹಸರ ಪಟ್ಟಿ ಸಹಿತ ಎಬ್ಬಿಸಿ ತಂದ್ರು.
‘ಕೀಲಿಗೆ ಕಣ್ಣ ಯಾಕ ಬೇಕು’ ಅಂದ್ರು ಹೊಸ ಸಾಹೇಬ್ರು.
ನನಗೂ ಖರೆ ಅನಸಿತು.
ಬರದಾಂವ ನಾನ ಅಲ್ಲೇನು.

ಒಂದ ಕಸಬು ಹಿಡದು ಕೂಡಬೇಕಂದ್ರ
ಕಳ್ಳಗೂ ಒಂದ ನಿಶ್ಚಿಂತಿ ಬೇಕು.
ಹೊಟ್ಟಿ ಹತ್ತ ಕಡೆ ಎಳದ್ರ ಕೈ ಹತ್ತ ಕಡೆ ಹೋಗತದ.
ಒಂದ ಕೆಲಸ, ಒಂದ ಕುರ್ಚಿ, ಮೂವತ್ತೊಂದು ವರ್ಷ:
ಅದು ಪಗಾರದವರ ಚಟ.
ನಾವು ನಮ್ಮ ಅಂಗಿ ಅಳತಿ ಹಿಡದು
ಅವಗ ಹೊಲದಿದ್ದಿವಿ.

ಐವತ್ತು ದಾಟಿತು. ಓಡಾಕ ಕಾಲಿಲ್ಲ,
ತಾಮ್ರ ಹೊರಾಕ ಬೆನ್ನಿಲ್ಲ, ಗಾಡ್ಯಾಗ ಏರಿದ್ರ ದಮ್ಮು.
ಉಳದದ್ದು ಬಟ್ಟು.
ನಾಗಣಸೂರಾಗ ಮೂರನೇ ಕೀಲಿ ತಗದ,
ಸಿಕ್ಕ.
ಯಾಕೋ ಮಾರಾಯಾ ಅಂದೆ, ಚಹಾದ ಬಶಿ ಮುಂದ ಸರಿಸಿ.
ಊದಿ ಊದಿ ಕುಡದ, ಬಶಿ ಡಬ್ಬ ಹಾಕಿ ಇಟ್ಟ.
‘ಹೆಂಗೂ ನೀವು ಬರದ ಇಟ್ಟೀರಿ,
ಬರದದ್ದು ದಂಡ ಆಗಬಾರದಂತ.’

ಹ್ವಾದ ತಿಂಗಳ ಸ್ವಪ್ನಿಲ ಫೋನ ಮಾಡಿದ್ದ,
ನನ್ನ ಕುರ್ಚಿ ಮ್ಯಾಲಿನ ಹೊಸ ಹುಡುಗ.
ಹಳೇ ಕಾರ್ಡು ಕಂಪ್ಯೂಟರಿಗೆ ಏರಸಾಕ ಹತ್ಯಾನ.
ಚಂದ್ರಾಮಂದು ಒದ್ದಿಯಾಗಿ ಅಕ್ಷರ ಅಳಸ್ಯಾವಂತ.
‘ಕಾಕಾ, ಯಾದಿ ಇಳೀತದ, ಒಂದ ಆರಿಸಬೇಕು,
ಇಲ್ಲಂದ್ರ ಮುಂದ ಹೋಗೂದಿಲ್ಲ.’
ಆಡು ತಿರಗಿ ಕಟ್ಟಿ ಬಂದದ್ದಕ್ಕ
ಏನರ ಅದ ಏನು ನೋಡು, ಅಂದೆ.
ಲೈನು ಸರಿ ಇರಲಿಲ್ಲ.
‘ಕಾಯ್?’ ಅಂದ.

ಎರಡನೇ ಸಲ ಹೇಳಲಿಲ್ಲ ನಾ.
ಕುಲೂಪ, ಅಂದೆ.